ಒಂಬತ್ತನೇ ಸಾಲಿನ ಕ್ಷಮೆ

ಕೆಲಸ ಒಂದೇ, ಕಾದವರು ಇಬ್ಬರು, ಅದಕ್ಕೇ ಹೀಗಾಯಿತು ಅಂತ ಆ ಕಾಲೇಜಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ, ಬಾಯಿಗೇನು ಬಾಡಿಗೆಯೇ. ಕೆಲಸಕ್ಕಾಗಿ ಕಿತ್ತಾಡಿ ಮಾತು ಬಿಟ್ಟವರು ಊರು ತುಂಬ ಇದ್ದಾರೆ. ಮುಂದೊಂದು ದಿನ ಯಾರದೋ ಮದುವೆಯಲ್ಲಿ ಎದುರಾದಾಗ ನಕ್ಕು, ಪಕ್ಕದಲ್ಲೇ ಕೂತು ಉಣ್ಣುತ್ತಾರೆ. ಇಲ್ಲಿ ಹೋದದ್ದು ಕೆಲಸ ಮಾತ್ರ ಆಗಿದ್ದರೆ ಇದನ್ನು ಹೇಳುವ ಅಗತ್ಯವೇ ಇರಲಿಲ್ಲ.

ಹುಡುಗಿಯರ ಬಾಯಲ್ಲಿ ಒಬ್ಬಳು ದೊಡ್ಡ ಮೇಡಂ, ಇನ್ನೊಬ್ಬಳು ಚಿಕ್ಕ ಮೇಡಂ. ನಾವೂ ಹಾಗೇ ಕರೆಯೋಣ. ಆದರೆ ಬಹುವಚನ ಬೇಡ, ಸಂಕಟವನ್ನು ಹತ್ತಿರ ಕೂತು ನೋಡಬೇಕಲ್ಲ. ಇಬ್ಬರೂ ಆ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುವವರು, ಇಬ್ಬರೂ ತಾತ್ಕಾಲಿಕ. ರಜೆ ಬಂದಾಗ ಬಿಡುಗಡೆ, ತರಗತಿ ಶುರುವಾದಾಗ ಮತ್ತೆ ಕರೆ. ದೊಡ್ಡ ಮೇಡಂ ಹೀಗೆ ಹೋಗಿ ಬಂದು ಹೋಗಿ ಬಂದು ತಲೆಕೂದಲು ಬೆಳ್ಳಗೆ ಮಾಡಿಕೊಂಡಿದ್ದಳು. ಚಿಕ್ಕ ಮೇಡಂ ಬಂದು ಕೆಲವು ವರ್ಷವಾಗಿತ್ತು. ಬಂದ ಮೊದಲ ವಾರವೇ ಅವಳು 'ಅಕ್ಕಾ' ಅಂದಳು. ಒಡಹುಟ್ಟಿದ ತಂಗಿಯಿಲ್ಲದ ದೊಡ್ಡ ಮೇಡಂ ಆ ಒಂದು ಮಾತಿಗೆ ಕರಗಿ ನೀರಾದಳು.

ಸ್ಟಾಫ್ ರೂಮಿನ ಮೂಲೆಯಲ್ಲಿ ಅವರಿಬ್ಬರ ಮೇಜು. ಒಂದು ಕಾಲು ಗಿಡ್ಡ, ಅದರಡಿಗೆ ಹಳೆಯ ಪ್ರಶ್ನೆಪತ್ರಿಕೆ ಮಡಿಸಿ ಇಟ್ಟಿದ್ದರು. ಪಾಠಕ್ಕೆ ಮುಂಚೆ ಒಬ್ಬಳು ಅಲ್ಲಿ ಕೂತು ಪದ್ಯವನ್ನು ಬಿಡಿಸಿ ಹೇಳಬೇಕು, ಇನ್ನೊಬ್ಬಳು ಕೇಳಬೇಕು. ಪದ್ಯದಲ್ಲಿ ಇಲ್ಲದ್ದನ್ನು ಸೇರಿಸಿದರೆ ಕೇಳುವವಳು ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಬೇಕು. ಟಕ್ ಟಕ್. ಅಂದರೆ, 'ಇದು ಎಲ್ಲಿದೆ, ತೋರಿಸು'. ತೋರಿಸಲಾಗದಿದ್ದರೆ ಆ ಮಾತನ್ನು ತರಗತಿಗೆ ಒಯ್ಯುವಂತಿಲ್ಲ. ದೊಡ್ಡ ಮೇಡಂ ಮಾಡಿದ ನಿಯಮ ಇದು. ಉಳಿದ ಮೇಷ್ಟ್ರುಗಳು ಇವರನ್ನು ಬಡಗಿಗಳು ಅಂತ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರ ಪಾಠಕ್ಕೆ ಹುಡುಗಿಯರು ನಿದ್ದೆ ಮಾಡುತ್ತಿದ್ದರು, ಅದು ಬೇರೆ ಮಾತು.

ಇಷ್ಟಕ್ಕೆಲ್ಲ ಕಾರಣವಾದ ಸಾನೆಟ್ಟನ್ನು ಬಿಡಿಸಿದ್ದೂ ಅದೇ ಮೇಜಿನಲ್ಲಿ. ಇನ್ನೂರು ವರ್ಷದ ಹಿಂದಿನ ಪದ್ಯ. ಬೆಟ್ಟ, ಕಾಡು, ಮೋಡ ಅಂದರೆ ಪ್ರಾಣ ಬಿಡುತ್ತಿದ್ದ ರೊಮ್ಯಾಂಟಿಕ್ ಕವಿಗಳ ಕಾಲದ್ದು. ಹದಿನಾಲ್ಕು ಸಾಲು, ಬರೆದವನು ಯಾರೆಂದು ಸರಿಯಾಗಿ ತಿಳಿಯದು. ಕವಿ ಒಂದು ಬಾಡಿಗೆ ಕೋಣೆಯ ಕಿಟಕಿ ತೆರೆದು ನಗರಕ್ಕೆ ಬೆಳಗಾಗುವುದನ್ನು ನೋಡುತ್ತಾನೆ. ಒದ್ದೆ ಹೆಂಚುಗಳು, ಮುಚ್ಚಿದ ಅಂಗಡಿಗಳು, ಬೀದಿಯ ಕಂದೀಲುಗಳನ್ನು ಒಂದೊಂದಾಗಿ ಆರಿಸುತ್ತ ನಡೆಯುವ ಒಬ್ಬ ಮನುಷ್ಯ, ಎಲ್ಲದರ ಮೇಲೂ ಚಿನ್ನದ ನೀರು ಹೊಯ್ದ ಹಾಗೆ ಬೆಳಕು. ಎಂಟು ಸಾಲು ಹೀಗೆ ಹೊಗಳಿಕೆ. ಒಂಬತ್ತನೆಯದಕ್ಕೆ ಸಾನೆಟ್ ಹೊರಳಬೇಕು, ಹೊರಳುತ್ತದೆ. ಕವಿ ಇದ್ದಕ್ಕಿದ್ದ ಹಾಗೆ 'ಕ್ಷಮಿಸು' ಅನ್ನುತ್ತಾನೆ. ಯಾರಿಗೆ ಅಂತ ಹೇಳುವುದಿಲ್ಲ. ಕೊನೆಯ ಸಾಲಿನಲ್ಲಿ ಸದ್ದಾಗದಂತೆ ಕಿಟಕಿ ಮುಚ್ಚುತ್ತಾನೆ. ಅಲ್ಲಿಗೆ ಪದ್ಯ ಮುಗಿಯಿತು.

ಗೈಡುಗಳೆಲ್ಲ ಒಂದೇ ರಾಗ: ಬೆಟ್ಟಗುಡ್ಡಗಳ ಪ್ರೇಮಿಯಾದ ಕವಿ ನಗರವನ್ನು ಹೊಗಳಿ ತಪ್ಪು ಮಾಡಿದೆ ಅಂದುಕೊಂಡು ಬೆಟ್ಟಗಳ ಕ್ಷಮೆ ಕೇಳುತ್ತಾನೆ.

"ಬೆಟ್ಟಾನೂ ಇಲ್ಲ, ಮಣ್ಣೂ ಇಲ್ಲ," ಅಂದಿದ್ದಳು ದೊಡ್ಡ ಮೇಡಂ. "ಅವನು ಕ್ಷಮೆ ಕೇಳ್ತಿರೋದು ಕೋಣೆಯೊಳಗೆ ಮಲಗಿರೋರನ್ನ."

ಟಕ್ ಟಕ್. "ಕೋಣೇಲಿ ಇನ್ನೊಬ್ಬರು ಇದಾರೆ ಅಂತ ಎಲ್ಲಿದೆ, ತೋರಿಸಿ ಅಕ್ಕಾ."

"ಸದ್ದಾಗದಂತೆ ಯಾಕೆ ಮುಚ್ಚಿದ? ಒಬ್ಬನೇ ಇದ್ದಿದ್ರೆ ದಢಾರಂತ ಮುಚ್ಚಬಹುದಿತ್ತಲ್ಲ."

ಚಿಕ್ಕ ಮೇಡಂ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು ಆ ಸಾಲನ್ನು ಮತ್ತೆ ಮತ್ತೆ ಓದಿದಳು. "ಅಬ್ಬಾ, ಹೌದಲ್ಲ. ಸರಿ, ಯಾರೋ ಇದಾರೆ. ಆದ್ರೆ ಕ್ಷಮೆ ಯಾತಕ್ಕೆ? ಕಿಟಕೀಲಿ ನಿಂತ್ಕೊಂಡು ಬೆಳಗು ನೋಡಿದ್ದು ಯಾವ ಮಹಾ ತಪ್ಪು?"

ಅದಕ್ಕೆ ಪದ್ಯದಲ್ಲಿ ಉತ್ತರವಿರಲಿಲ್ಲ. ದೊಡ್ಡ ಮೇಡಂ ಹತ್ತಿರ ಇತ್ತು. ಎಲ್ಲರೂ ಮನೆಗೆ ಹೋಗಿಯಾಗಿತ್ತು, ಜವಾನ ಹೊರಗೆ ಬೆಂಚುಗಳನ್ನು ಎಳೆಯುತ್ತಿದ್ದ. ಒಡಹುಟ್ಟಿದ ಅಣ್ಣನಿಗೂ ಹೇಳದ್ದನ್ನು ಅವಳು ಅವತ್ತು ಹೇಳಿದಳು.

ಅವಳಮ್ಮ ಆಸ್ಪತ್ರೆಯ ಐದನೇ ಮಹಡಿಯಲ್ಲಿ ಮಲಗಿದ್ದರು. ಮೂಗು ಬಾಯಿ ಮುಚ್ಚಿದ ಆಕ್ಸಿಜನ್ ಮಾಸ್ಕ್, ಮಾತು ನಿಂತು ವಾರವಾಗಿತ್ತು. ಪಕ್ಕದ ಸ್ಟೂಲಿನ ಮೇಲೆ ಕೂತು ಕೂತು ಸೊಂಟ ಬಿದ್ದುಹೋಗಿದ್ದ ಮಗಳು, ಬೆಳಕು ಹರಿಯುವ ಹೊತ್ತಿಗೆ ಎದ್ದು ಕಿಟಕಿಗೆ ಹೋದಳು. ಕೆಳಗೆ ಇಡೀ ಊರು ತೊಳೆದಿಟ್ಟ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಒಂದು ಹಾಲಿನ ವ್ಯಾನು ಖಾಲಿ ರಸ್ತೆಯಲ್ಲಿ ತಿರುಗಿತು. ಎಷ್ಟು ಚೆಂದ ಅಂದುಕೊಂಡಳು. ಅಷ್ಟು ದಿನದ ಮೇಲೆ ಮೊದಲ ಸಲ ಎದೆ ಹಗುರಾಯಿತು. ತಿರುಗಿ ನೋಡಿದರೆ ಅಮ್ಮ ಇರಲಿಲ್ಲ. ಅವಳು ಬೆನ್ನು ಹಾಕಿ ಊರಿನ ಚೆಂದ ನೋಡುತ್ತಿದ್ದಾಗ, ಒಂದು ಸದ್ದೂ ಮಾಡದೆ ಹೋಗಿಬಿಟ್ಟಿದ್ದರು.

"ಅವತ್ತಿಂದ ಬೆಳಗು ಅಂದ್ರೆ ನಂಗೆ ಆಗಲ್ಲ ಕಣೇ. ಈ ಕವಿ ಯಾರ ಕ್ಷಮೆ ಕೇಳಿದ ಅಂತ ನಂಗೊಬ್ಬಳಿಗೆ ಗೊತ್ತು."

ಚಿಕ್ಕ ಮೇಡಂ ಅವಳ ಕೈ ಹಿಡಿದುಕೊಂಡು ಅತ್ತಳು. ನಿಜವಾಗಿಯೇ ಅತ್ತಳು, ಅದರಲ್ಲಿ ಮೋಸವಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮೊದಲಿನಿಂದಲೂ ಕಳ್ಳಿಯಾಗಿದ್ದವಳು ಕದ್ದರೆ ಅಷ್ಟು ಉರಿಯುವುದಿಲ್ಲ.

ಆಮೇಲೆ ದೊಡ್ಡ ಮೇಡಂ ಅವಳ ಮನೆಯವಳೇ ಆದಳು. ಚಿಕ್ಕ ಮೇಡಂ ಮತ್ತು ಅವಳಮ್ಮ, ಇಬ್ಬರೇ ಇದ್ದ ಮನೆ, ಕಾಲೇಜಿನವರು ಬೇರೆ ಯಾರೂ ಆ ಹೊಸ್ತಿಲು ತುಳಿದವರಲ್ಲ. ಆ ಅಮ್ಮ ಇವಳನ್ನೂ 'ಮಗಳೇ' ಅಂತಲೇ ಕರೆಯುತ್ತಿದ್ದರು. ರಜಾದಿನದ ಊಟ ಅಲ್ಲೇ. ಅಮ್ಮನ ಒಂದು ಕಣ್ಣು ಎಂದೋ ಹೋಗಿತ್ತು. ಉಳಿದ ಒಂದಕ್ಕೂ ಪೊರೆ ಬಂದು, ಕಾಯಂ ಕೆಲಸದ ಆಯ್ಕೆಯ ದಿನಕ್ಕೆ ಸ್ವಲ್ಪ ಮುಂಚೆ ಆಪರೇಷನ್ ಆಯಿತು. ಕಣ್ಣಿಗೆ ಪಟ್ಟಿ, ಹೊತ್ತು ಹೊತ್ತಿಗೆ ಹನಿ ಹಾಕಬೇಕು. ಆಯ್ಕೆಯ ದಿನ ಸಂಜೆಯ ಹನಿಗೆ ದೊಡ್ಡ ಮೇಡಂ ಹೋಗುವುದು ಅಂತ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಮನೆಯ ಬೀಗದ ಕೈ ಅವಳ ಚೀಲದಲ್ಲೇ ಇತ್ತು.

ಕಾಯಂ ಹುದ್ದೆ ಒಂದು. ಪ್ರಿನ್ಸಿಪಾಲರು ನಿಯಮ ಹೇಳಿದರು: ಇಬ್ಬರೂ ಅಂತಿಮ ವರ್ಷದ ಒಂದೇ ತರಗತಿಗೆ, ಅದೇ ಸಾನೆಟ್ಟನ್ನು ಪಾಠ ಮಾಡಬೇಕು, ಒಬ್ಬರದನ್ನು ಇನ್ನೊಬ್ಬರು ಕೂತು ನೋಡಬಹುದು, ಮುಚ್ಚುಮರೆ ಬೇಡ. ಯಾರು ಮೊದಲು ಅನ್ನುವುದಕ್ಕೆ ಚೀಟಿ ಎತ್ತಿದರು. ಚಿಕ್ಕ ಮೇಡಂ ಮೊದಲು. ಕದದ ಹತ್ತಿರ ದೊಡ್ಡ ಮೇಡಂ ಅವಳ ಸೆರಗಿಗೆ ಅಂಟಿದ್ದ ಸೀಮೆಸುಣ್ಣದ ಪುಡಿ ಕೊಡವಿ, "ಹೆದರ್ಕೋಬೇಡ, ನಿಧಾನಕ್ಕೆ ಹೇಳು," ಅಂದಳು. ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ಒಳಗೊಳಗೇ ಅವಳಿಗೆ ಒಂದು ಧೈರ್ಯ ಇತ್ತು: ಮಲಗಿರುವವರ ಕ್ಷಮೆ ಅನ್ನುವ ಅರ್ಥ ತನ್ನದು, ತಂಗಿ ಅದನ್ನು ಮುಟ್ಟುವುದಿಲ್ಲ. ಯಾರೂ ಆಣೆ ಮಾಡಿಸಿಕೊಂಡಿರಲಿಲ್ಲ. ಮನೆಯವರಿಂದ ಯಾರಾದರೂ ಆಣೆ ಮಾಡಿಸಿಕೊಳ್ಳುತ್ತಾರೆಯೇ?

ಚಿಕ್ಕ ಮೇಡಂ ಎಂಟು ಸಾಲು ಚೆನ್ನಾಗಿಯೇ ಹೇಳಿದಳು. ಒಂಬತ್ತಕ್ಕೆ ಬಂದು ನಿಂತಳು.

"ಕ್ಷಮಿಸು ಅಂತಾನೆ. ಯಾರಿಗೆ? ಬೆಟ್ಟಕ್ಕೆ ಅಂತ ನಿಮ್ಮ ಗೈಡ್ ಹೇಳತ್ತೆ. ಕೊನೇ ಸಾಲು ನೋಡಿ. ಕಿಟಕೀನ ಸದ್ದಾಗದಂತೆ ಯಾಕೆ ಮುಚ್ಚಿದ?"

ಹಿಂದಿನ ಬೆಂಚಿನಲ್ಲಿ ದೊಡ್ಡ ಮೇಡಂಗೆ ಕಿವಿ ಗುಂಯ್ ಅಂದಿತು. ಹೋಗಲಿ, ಅರ್ಥ ತಾನೇ, ಇಬ್ಬರೂ ಸೇರಿ ಬಿಡಿಸಿದ್ದು ತಾನೇ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹುಚ್ಚಿ, ಅಷ್ಟಕ್ಕೇ ಮುಗಿಯುತ್ತದೆ ಅಂದುಕೊಂಡಳು.

ಚಿಕ್ಕ ಮೇಡಂ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟಳು. "ಇದು ನಂಗೆ ಹೇಗೆ ಗೊತ್ತು ಅಂದ್ರೆ, ನಮ್ಮಮ್ಮ ಹೋಗಿದ್ದೂ ಹೀಗೇ ಒಂದು ಬೆಳಗ್ಗೆ. ಆಸ್ಪತ್ರೆ, ಐದನೇ ಮಹಡಿ. ನಾನು ಎದ್ದು ಕಿಟಕಿ ಹತ್ರ ಹೋದೆ…"

ಹಾಲಿನ ವ್ಯಾನು ಬಂತು, ಖಾಲಿ ರಸ್ತೆಯಲ್ಲಿ ತಿರುಗಿತು. ತೊಳೆದಿಟ್ಟ ಪಾತ್ರೆಯ ಹಾಗೆ ಊರು ಹೊಳೆಯಿತು. ಎಷ್ಟು ಚೆಂದ ಅಂದುಕೊಂಡದ್ದೂ ಬಂತು. ಒಂದೊಂದು ಮಾತೂ, ಅದೇ ಮಾತು. ದೊಡ್ಡ ಮೇಡಂ ತನ್ನ ತಾಯಿ ಇನ್ನೊಬ್ಬಳ ಬಾಯಲ್ಲಿ ಎರಡನೇ ಸಲ ಸಾಯುವುದನ್ನು ಕೈಕಟ್ಟಿ ಕೂತು ನೋಡಿದಳು.

"ನಾನಿನ್ನೂ ಬೆನ್ನು ಹಾಕಿಯೇ ಇದ್ದೆ," ಅಂದಳು ಚಿಕ್ಕ ಮೇಡಂ, ದನಿ ಇಳಿಸಿ. "ಹಿಂದಿಂದ ಅಮ್ಮ 'ಬೆಳಗಾಯ್ತಾ?' ಅಂದ್ರು. 'ಹೂಂ ಅಮ್ಮಾ, ಬೆಳಗಾಯ್ತು' ಅಂದೆ. ತಿರುಗಿ ನೋಡೋಷ್ಟರಲ್ಲಿ ಹೋಗಿದ್ರು."

ದೊಡ್ಡ ಮೇಡಂನ ಬೆರಳು ತಾನಾಗಿಯೇ ಮಡಿಚಿಕೊಂಡು ಬೆಂಚು ಕುಟ್ಟಲು ಮೇಲೆದ್ದಿತು. ಮಾಸ್ಕ್ ಹಾಕಿದವರು ಮಾತಾಡುವುದು ಹೇಗೆ? ವಾರದಿಂದ ಮಾತೇ ಇಲ್ಲದವರು? ಇದು ಎಲ್ಲಿದೆ, ತೋರಿಸು. ಆದರೆ ಮುಂದಿನ ಬೆಂಚಿನಲ್ಲಿ ಹುಡುಗಿಯರು ಮೂಗೊರೆಸಿಕೊಳ್ಳುತ್ತಿದ್ದರು. ಆಯ್ಕೆಗೆ ಹೊರಗಿನಿಂದ ಬಂದಿದ್ದ ಪರಿಣತರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಸತ್ತ ತಾಯಿಯ ಮಾತಿಗೆ ಮೇಜು ಕುಟ್ಟಿದರೆ ಜನ ಏನಂದಾರು? ಹೊಟ್ಟೆಕಿಚ್ಚಿನ ಮುದುಕಿ ಅಂದಾರು. ಎತ್ತಿದ ಬೆರಳು ಸುಮ್ಮನೆ ಕೆಳಗಿಳಿಯಿತು.

ಅವಳ ಸರದಿ ಬಂತು. ಎದ್ದು ಕರಿಹಲಗೆಯ ಹತ್ತಿರ ಹೋದಳು. ಎಂಟು ಸಾಲು ಹೇಳಿ, ಅಭ್ಯಾಸಬಲದಿಂದ ಕೇಳಿದಳು: "ಕ್ಷಮಿಸು ಅಂತ ಯಾರಿಗೆ ಹೇಳ್ತಾನೆ?"

"ಕೋಣೇಲಿ ಮಲಗಿರೋರಿಗೆ, ಮೇಡಂ," ಅಂದಳು ಒಬ್ಬ ಹುಡುಗಿ, ಇನ್ನೂ ಕೆಂಪಗಿದ್ದ ಕಣ್ಣಲ್ಲಿ. "ಚಿಕ್ಕ ಮೇಡಂ ಈಗಷ್ಟೇ ಹೇಳಿದ್ರಲ್ಲ."

ಇನ್ನು ಉಳಿದದ್ದು ಬೆಟ್ಟ ಒಂದೇ. ಜೀವಮಾನವಿಡೀ ಮೇಜು ಕುಟ್ಟಿ ಓಡಿಸಿದ್ದ ಬೆಟ್ಟದ ಅರ್ಥವನ್ನೇ ದೊಡ್ಡ ಮೇಡಂ ಅವತ್ತು ಗೈಡಿನಲ್ಲಿದ್ದ ಹಾಗೆ ಒಪ್ಪಿಸಿದಳು. ಹುಡುಗಿಯರು ಮುಖ ಮುಖ ನೋಡಿಕೊಂಡರು. ಪರಿಣತರು ಆಕಳಿಸಿದರು. ಪಾಠ ಮುಗಿದ ಸ್ವಲ್ಪ ಹೊತ್ತಿಗೇ ಪ್ರಿನ್ಸಿಪಾಲರು ಹೊರಗೆ ಬಂದು ಚಿಕ್ಕ ಮೇಡಂ ಕೈ ಕುಲುಕಿದರು. ಇವಳಿಗೆ, "ನಿಮ್ಮ ಅನುಭವ ದೊಡ್ಡದು, ಆದ್ರೆ ಪಾಠದಲ್ಲಿ ಜೀವ ಬೇಕಿತ್ತು," ಅಂದರು. ಗಾಯದ ಮೇಲೆ ಉಪ್ಪು ಸುರಿಯುವುದಕ್ಕೆ ಕೆಲವರಿಗೆ ಸಂಬಳವನ್ನೂ ಕೊಡುತ್ತಾರೆ.

ಮೆಟ್ಟಿಲ ತಿರುವಿನಲ್ಲಿ ಚಿಕ್ಕ ಮೇಡಂ ಓಡಿಬಂದು ತೋಳು ಹಿಡಿದಳು.

"ಅಕ್ಕಾ, ಬೈದುಬಿಡಿ. ಸುಮ್ನಿರಬೇಡಿ."

"ನಿಮ್ಮಮ್ಮ ಸತ್ತಿದ್ದು ಯಾವಾಗ?"

ಅವಳು ತಲೆ ತಗ್ಗಿಸಿದಳು. "ಅದು… ಪಾಠಕ್ಕೆ ಅಂತ ಹೇಳಿದ್ದು. ಬಾಯಿಗೆ ಬಂದುಬಿಡ್ತು."

"ಹಾಲಿನ ವ್ಯಾನೂ ಬಾಯಿಗೆ ಬಂತಾ?"

"ನೀವು ಅದನ್ನ ಯಾವತ್ತೂ ಯಾರಿಗೂ ಹೇಳ್ತಿರ್ಲಿಲ್ಲ ಅಕ್ಕಾ. ಸುಮ್ನೆ ಬಿದ್ದಿತ್ತು. ನೀವು ಹೇಗೂ ಅದನ್ನ ತರಗತಿಗೆ ತರೋರಲ್ಲ." ಅವಳ ದನಿಯಲ್ಲಿ ಅಳುಕಿತ್ತು, ನಾಚಿಕೆಯಿತ್ತು, ಅದರಡಿಗೆ ಒಂದಿಷ್ಟು ಹಟವೂ ಇತ್ತು. "ಅಮ್ಮಂಗೆ ಮಾತ್ರ ಹೇಳಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಸುಮ್ಮನೆ ಬಿದ್ದಿತ್ತು. ದೊಡ್ಡ ಮೇಡಂ ಆ ಮಾತನ್ನು ಬಾಯೊಳಗೇ ಇನ್ನೊಂದು ಸಲ ಅಂದುಕೊಂಡಳು. ಹಿತ್ತಿಲಲ್ಲಿ ಬಿದ್ದ ಹಳೆಯ ಕುರ್ಚಿಯ ಹಾಗೆ, ಯಾರೂ ಕೂರುವುದಿಲ್ಲವಲ್ಲ ಅಂತ ತಂಗಿ ಎತ್ತಿಕೊಂಡು ಹೋಗಿದ್ದಳು. ನಂಬಿದವರಿಗೆ ಎರಡು ಬಗೆಯುವವರ ವಿಷಯ ಕೇಳಿದ್ದಳು. ಅಂಥವರು ಎರಡು ಬಗೆದ ಮೇಲೆ ತೋಳು ಹಿಡಿದು 'ಅಕ್ಕಾ' ಅನ್ನುತ್ತಾರೆ ಅಂತ ಮಾತ್ರ ಗೊತ್ತಿರಲಿಲ್ಲ. ತೋಳು ಬಿಡಿಸಿಕೊಂಡಳು. ಕೆನ್ನೆಗೆ ಎರಡು ಬಿಗಿಯಬೇಕು ಅನ್ನಿಸಿತು, ಬಿಗಿಯಲಿಲ್ಲ. ಹನಿ ಹಾಕುವ ಹೊತ್ತಾಗಿತ್ತು. ಮಗಳ ಮೇಲಿನ ಸಿಟ್ಟಿಗೆ ತಾಯಿಯ ಕಣ್ಣು ಏನು ಮಾಡೀತು?

ಬೀಗ ತೆಗೆದು ಒಳಗೆ ಹೋದಾಗ ಮನೆ ತಣ್ಣಗಿತ್ತು. ಅಮ್ಮ ನಡುಮನೆಯ ಆರಾಮ ಕುರ್ಚಿಯಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಬಾಯಿ ಅರೆತೆರೆದು ನಿದ್ದೆ ಹೋಗಿದ್ದರು. ಪಕ್ಕದ ಪುಟ್ಟ ಮೇಜಿನ ಮೇಲೆ ಔಷಧಿಯ ಬಾಟಲಿ, ಹತ್ತಿ, ನೀರಿನ ಲೋಟ. ದೊಡ್ಡ ಮೇಡಂ ಕೈ ತೊಳೆದು ಬಂದು ಭುಜ ಮುಟ್ಟಿದಳು.

ಅಮ್ಮ ಎಚ್ಚರಗೊಂಡು, ಕತ್ತಲಲ್ಲೇ ಮುಖ ಎತ್ತಿ, "ಬೆಳಗಾಯ್ತಾ?" ಅಂದರು.

ದೊಡ್ಡ ಮೇಡಂನ ಕೈ ಅಲ್ಲೇ ನಿಂತಿತು. ಆ ಮಾತು ಎಲ್ಲಿಂದ ಬಂದಿತ್ತೆಂದು ಈಗ ತಿಳಿಯಿತು. ಚಿಕ್ಕ ಮೇಡಂ ಇವಳ ತಾಯಿಯ ಸಾವಿಗೆ ತನ್ನ ತಾಯಿಯ ನಿದ್ದೆಗಣ್ಣಿನ ಮಾತನ್ನು ಹೊಲಿದು, ಹೊಸದು ಅಂತ ಮಾರಿ ಬಂದಿದ್ದಳು ಪುಣ್ಯಾತ್ಗಿತ್ತಿ.

"ಇಲ್ಲ ಅಮ್ಮಾ, ಇನ್ನೂ ಸಂಜೆ. ನಾನು, ಹನಿ ಹಾಕೋಕೆ ಬಂದೆ."

"ನೀನಾ ಮಗಳೇ! ಪಟ್ಟಿ ಕಟ್ಟಿದಾಗಿಂದ ನಂಗೆ ಹಗಲು ರಾತ್ರಿ ಒಂದೂ ಗೊತ್ತಾಗಲ್ಲ ನೋಡು. ಎಚ್ಚರ ಆದಾಗೆಲ್ಲ ಅದೇ ಕೇಳ್ತೀನಿ, ಇವಳು ನಗ್ತಾಳೆ. ಪಾಠ ಹೇಗಾಯ್ತು? ಯಾರಿಗೆ ಸಿಕ್ತು?"

"ಅವಳಿಗೆ ಸಿಕ್ತು. ಚೆನ್ನಾಗಿ ಮಾಡಿದ್ಲು."

ಅಮ್ಮನ ಮುಖ ಅರಳಿತು, ಮರುಕ್ಷಣವೇ ಸಪ್ಪಗಾಯಿತು. ತಡಕಾಡಿ ಇವಳ ಮೊಣಕೈ ಹಿಡಿದರು. "ನಿಂಗೆ ಸಿಗಬೇಕಿತ್ತು. ನನ್ನ ಮಗಳಾದ್ರೂ ಹೇಳ್ತೀನಿ, ನಿಂಗೆ ಸಿಗಬೇಕಿತ್ತು."

ಈಗ ಹೇಳಿಬಿಡಲೇ? ನಿಮ್ಮ ಮಗಳು ಇವತ್ತು ನಿಮ್ಮನ್ನು ಕೊಂದು ಕೆಲಸ ಗಿಟ್ಟಿಸಿದಳು ಅಂತ ಒಂದು ಮಾತು ಸಾಕಿತ್ತು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಪಟ್ಟಿ ಸಡಿಲಿಸಿ ರೆಪ್ಪೆ ಬಿಡಿಸಿ ಹನಿ ಹಾಕಿದಳು. ಔಷಧಿ ಕೆನ್ನೆಗೆ ಇಳಿಯಿತು, ಹತ್ತಿಯಲ್ಲಿ ಒತ್ತಿ ಮತ್ತೆ ಪಟ್ಟಿ ಕಟ್ಟಿದಳು.

"ಇವತ್ತೇನು ಪಟ್ಟಿ ಇಷ್ಟು ಬಿಗಿ ಕಟ್ಟಿದೆ," ಅಂದರು ಅಮ್ಮ. "ಏನಾಯ್ತು?"

"ಇವತ್ತು ನಮ್ಮಮ್ಮ ನೆನಪಾದ್ರು."

ಅಷ್ಟು ವರ್ಷ ಆ ಮನೆಯಲ್ಲಿ ಉಂಡಿದ್ದರೂ ಅವಳು ಆ ಮಾತೆತ್ತಿದ್ದು ಅದೇ ಮೊದಲು. ಅಮ್ಮ ಕೇಳಿದರು, ಅವಳು ಹೇಳಿದಳು. ಆಸ್ಪತ್ರೆ, ಸ್ಟೂಲು, ಕಿಟಕಿ. ಹೇಳುತ್ತ ಹೇಳುತ್ತ ಗಾಬರಿಯಾಯಿತು. ವ್ಯಾನು ತಿರುಗಿದ್ದು ನೆನಪಾದರೆ ಚಿಕ್ಕ ಮೇಡಂನ ದನಿ ಕೇಳುತ್ತಿತ್ತು, ಊರು ಹೊಳೆದದ್ದು ನೆನಪಾದರೆ ಮೂಗೊರೆಸಿಕೊಳ್ಳುವ ಹುಡುಗಿಯರು ಕಾಣುತ್ತಿದ್ದರು. ತನ್ನದೇ ಬೆಳಗನ್ನು ಅವಳು ಯಾರದೋ ಪಾಠ ಒಪ್ಪಿಸುವ ಹಾಗೆ ಹೇಳುತ್ತಿದ್ದಳು.

"ಅಯ್ಯೋ ಪಾಪ," ಅಂದರು ಅಮ್ಮ. "ಹೋಗೋ ಮುಂಚೆ ನಿಮ್ಮಮ್ಮ ಏನಾದ್ರೂ ಅಂದ್ರಾ?"

ಇಲ್ಲ. ಇಲ್ಲ ಅನ್ನುವುದಕ್ಕೇ ಬಾಯಿ ತೆರೆದಳು. ಏನೂ ಅನ್ನಲಿಲ್ಲ, ಒಬ್ಬರೇ ಹೋದರು, ನಾನು ಬೆನ್ನು ಹಾಕಿದ್ದೆ. ಇಷ್ಟು ವರ್ಷ ಪ್ರತಿ ಬೆಳಗ್ಗೆ ಎದುರಿಸಿದ ಸತ್ಯ ಅದು. ಆದರೆ ಆ ಕಳ್ಳಿ ಕಟ್ಟಿದ ಸುಳ್ಳಿನಲ್ಲಿ ಅಮ್ಮ ಒಬ್ಬರೇ ಹೋಗಿರಲಿಲ್ಲ. ಕೊನೆಗೆ ಒಂದು ಮಾತು ಕೇಳಿದ್ದರು, ಮಗಳು ಒಂದು ಮಾತು ಕೊಟ್ಟಿದ್ದಳು.

"ಬೆಳಗಾಯ್ತಾ, ಅಂದ್ರು," ಅಂದಳು ದೊಡ್ಡ ಮೇಡಂ.

"ನನ್ನ ಹಾಗೇ!" ಅಮ್ಮ ಎರಡೂ ಕೈಯಲ್ಲಿ ಇವಳ ಕೈ ಹಿಡಿದುಕೊಂಡರು. "ನೀನೇನಂದೆ?"

"ಹೂಂ ಅಮ್ಮಾ, ಬೆಳಗಾಯ್ತು, ಅಂದೆ."

ಮೇಜು ಕುಟ್ಟುವವರು ಅಲ್ಲಿ ಯಾರೂ ಇರಲಿಲ್ಲ. ಅವಳು ಗಟ್ಟಿಯಾಗಿ ಅತ್ತಳು. ಕೆಲಸ ಹೋದದ್ದಕ್ಕಲ್ಲ. ತನ್ನಮ್ಮನ ಬಗ್ಗೆ ತಾನೊಬ್ಬಳೇ ಕಾಪಾಡಿಕೊಂಡು ಬಂದಿದ್ದ ಸತ್ಯ, ಎಷ್ಟೇ ಕಹಿಯಾಗಿರಲಿ, ಇನ್ನು ಅವಳ ಹತ್ತಿರ ಇರಲಿಲ್ಲ. ಕದ್ದವಳು ಅದನ್ನು ತನ್ನ ಸುಳ್ಳು ಬೆರೆಸಿ ವಾಪಸ್ಸು ಕೊಟ್ಟಿದ್ದಳು. ಇವಳು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡಿದ್ದಳು.

ತೆರೆದೇ ಇದ್ದ ಬಾಗಿಲಲ್ಲಿ ಚಿಕ್ಕ ಮೇಡಂ ನಿಂತಿದ್ದಳು. ಯಾವಾಗ ಬಂದಳೋ. ಮುಖದಲ್ಲಿ ರಕ್ತವಿರಲಿಲ್ಲ. ಅವಳು ಚಪ್ಪಲಿ ಬಿಟ್ಟ ಸದ್ದಿಗೆ ಅಮ್ಮ ಅತ್ತ ತಿರುಗಿದರು.

"ಬಂದ್ಯಾ? ಕೇಳಿದ್ಯೇನೇ, ಇವಳಮ್ಮನೂ ಕೊನೇಲಿ ನನ್ನ ಹಾಗೇ ಬೆಳಗಾಯ್ತಾ ಅಂದಿದ್ರಂತೆ. ಪಾಪ, ಇಷ್ಟು ವರ್ಷ ಒಬ್ಬಳೇ ನುಂಗ್ಕೊಂಡು ಇದ್ದಾಳೆ. ನಿಂಗೆ ಗೊತ್ತಿತ್ತಾ ಇದು?"

ಚಿಕ್ಕ ಮೇಡಂ ಅಕ್ಕನನ್ನು ನೋಡಿದಳು. ಅಕ್ಕ ಅವಳನ್ನು ನೋಡುತ್ತಿದ್ದಳು.

"ಗೊತ್ತಿತ್ತಮ್ಮಾ," ಅಂದಳು. "ಅಕ್ಕನೇ ಹೇಳಿದ್ರು."

ದೊಡ್ಡ ಮೇಡಂ ಔಷಧಿಯ ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಅದರ ಪಕ್ಕ ಬೀಗದ ಕೈ ಇಟ್ಟಳು. ಆಮೇಲೆ ಬೆರಳು ಮಡಿಚಿ ಮೇಜಿನ ಮೇಲೆ ಎರಡು ಸಲ ಕುಟ್ಟಿದಳು.

"ಯಾರೋ ಬಾಗಿಲು ತಟ್ತಿದಾರೆ ನೋಡೇ," ಅಂದರು ಅಮ್ಮ.

ಚಿಕ್ಕ ಮೇಡಂ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿದಳು.

"ಯಾರೂ ಇಲ್ಲ ಅಮ್ಮಾ," ಅಂದಳು ದೊಡ್ಡ ಮೇಡಂ. "ನಾನು ಹೊರಟೆ. ರಾತ್ರಿ ಹನಿ ನಿಮ್ಮ ಮಗಳು ಹಾಕ್ತಾಳೆ." ಹೊರಗೆ ಬಂದು, ಸದ್ದಾಗದಂತೆ ಬಾಗಿಲು ಮುಚ್ಚಿಕೊಂಡಳು.